ತಲೆಗೆ ಎಷ್ಟು, ಅದನ್ನೂ ಹೇಳಿ
ಆರ್ಥಿಕತೆಯಲ್ಲಿ ಬ್ರಿಟನ್ನನ್ನು ಹಿಂದೆ ಹಾಕಿದೆವು ಎಂದು ಪ್ರಧಾನಿ ಮೋದಿ ಹೇಳಿಕೊಳ್ಳುವುದು ಸುಳ್ಳಲ್ಲ. ಆದರೆ ಪೂರ್ತಿ ಲೆಕ್ಕ ಹೇಳಬೇಕಲ್ವಾ ಮಾರಾಯ್ರೆ? ಒಟ್ಟು ಮೊತ್ತವನ್ನು 140 ಕೋಟಿ ಜನರಿಗೆ ಹಂಚಿದರೆ ತಲೆಗೆ ವರ್ಷಕ್ಕೆ 3,000 ಡಾಲರ್ ಕೂಡ ಬರುವುದಿಲ್ಲ. ಬ್ರಿಟನ್ನಿನಲ್ಲಿ ಅದು 45,000ಕ್ಕಿಂತ ಜಾಸ್ತಿ. 2024ರ ಹೊತ್ತಿಗೆ 5 ಲಕ್ಷ ಕೋಟಿ ಡಾಲರ್ ಆರ್ಥಿಕತೆ ಎಂದು 2019ರಲ್ಲಿ ಹೇಳಿದ್ದರು. ನಡುವೆ ಕೊರೊನಾ ಬಂತು, ಒಪ್ಪೋಣ. ಈಗ ಭಾಷಣವೆಲ್ಲ 2047ರ ಬಗ್ಗೆ! ಅಷ್ಟರಲ್ಲಿ ನಮ್ಮಲ್ಲಿ ಎಷ್ಟು ಜನ ಇರುತ್ತೇವೋ.

ನಮ್ಮ ಉಡುಪಿ ಕಡೆ ಬೀಡಿ ಕಟ್ಟುವ ಹೆಂಗಸರಿಗೆ ಮಜೂರಿ ಇವತ್ತಿಗೂ ಸಾವಿರ ಬೀಡಿಯ ಲೆಕ್ಕದಲ್ಲೇ ಸಿಗುವುದು. 2017ರಲ್ಲಿ ಬೀಡಿಗೆ ಶೇ 28 ಜಿಎಸ್‌ಟಿ ಹಾಕುವಾಗ ಅವರನ್ನು ಯಾರು ಕೇಳಿದರು? ಸುಮ್ನೆ ಚಪ್ಪಾಳೆ ತಟ್ಟಿ ಎಂದರೆ ಹೇಗೆ? ಕೈ ಬಿಡುವಿದ್ದರಲ್ಲವೇ!