ಬೆಳಗಿನ ಐದು ಗಂಟೆಯ ಮೈಕು

ದಾವಣಗೆರೆಯ ವಿನೋಬನಗರದ ನಮ್ಮ ಮನೆಯ ಒಂದು ಕಡೆ ದೇವಸ್ಥಾನ, ಇನ್ನೊಂದು ಕಡೆ ಮಸೀದಿ ಇದ್ದು, ಗಂಟೆಯ ನಾದವನ್ನೂ ಆಜಾನಿನ ಕರೆಯನ್ನೂ ಕೇಳುತ್ತಲೇ ಬೆಳೆದ ನನಗೆ ಎರಡರ ಮೇಲೂ ಗೌರವವಿದೆ. ನನ್ನ ತಕರಾರು ಧ್ವನಿವರ್ಧಕದ ಬಗ್ಗೆ ಮಾತ್ರ. ಆಜಾನ್ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಐದಕ್ಕೆ ಶುರುವಾಗುವ ಸುಪ್ರಭಾತದ ಹಿಂದೆಯೇ ಭಕ್ತಿಗೀತೆಗಳು ಏಳರವರೆಗೂ ಮೊಳಗುತ್ತವೆ. ಮೈಕಿನ ಬಾಯಿ ನೇರವಾಗಿ ನಮ್ಮ ಕಿಟಕಿಯತ್ತ ತಿರುಗಿರುವುದರಿಂದ ಗಾಜು ಸಣ್ಣಗೆ ನಡುಗುತ್ತದೆ. ಮಂಡಿ ನೋವಿನಿಂದ ರಾತ್ರಿಯೆಲ್ಲ ಹೊರಳಾಡಿ, ಮೂರರ ಹೊತ್ತಿಗೆ ಹೇಗೋ ಕಣ್ಣು ಮುಚ್ಚಿದ ಅಮ್ಮ ಬೆಚ್ಚಿಬಿದ್ದು ಎದ್ದು ಕೂರುತ್ತಾಳೆ. ಅವಳಿಗಿಂತ ದೊಡ್ಡ ದೈವಭಕ್ತೆಯನ್ನು ನಾನು ಕಂಡಿಲ್ಲ.

2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶದ ಮಿತಿ ಹಗಲಿನಲ್ಲಿ 55, ರಾತ್ರಿ 45 ಡೆಸಿಬಲ್. ಈ ನಿಯಮ ಯಾವ ಧರ್ಮದ ವಿರುದ್ಧವೂ ಅಲ್ಲ, ಎಲ್ಲರಿಗೂ ಒಂದೇ. ಕಳೆದ ತಿಂಗಳು ಎರಡೂ ಕಡೆಯ ಹಿರಿಯರಲ್ಲಿ ಕೈಮುಗಿದು ಕೇಳಿಕೊಂಡೆ. ಮೂರು ದಿನ ದನಿ ತಗ್ಗಿತ್ತು. ನಾಲ್ಕನೆಯ ಬೆಳಗ್ಗೆ ಗಾಜು ಮತ್ತೆ ನಡುಗಿತು.