ಸ್ಪಷ್ಟನೆ: ನಿಲ್ಲದ ಪ್ರೋಗ್ರಾಮ್ ಸರಿಯಿದೆ ಎಂದು ಸಾಧಿಸಬಹುದು

‘ಎಂದೂ ನಿಲ್ಲದ ಕಂಪ್ಯೂಟರ್ ಪ್ರೋಗ್ರಾಮ್ ಸರಿಯಿದೆ ಎಂದು ಗಣಿತದಿಂದ ಸಾಧಿಸಲು ಆಗುವುದೇ ಇಲ್ಲ, 1936ರಲ್ಲೇ ಗಣಿತಜ್ಞ ಅಲನ್ ಟ್ಯೂರಿಂಗ್ ತೋರಿಸಿದ್ದಾರೆ’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಯಾವ ಪ್ರೋಗ್ರಾಮ್ ಕೊಟ್ಟರೂ ಅದು ನಿಲ್ಲುತ್ತದೋ ಇಲ್ಲವೋ ಎಂದು ಹೇಳಬಲ್ಲ ಒಂದೇ ವಿಧಾನ ಇರಲಾರದು. ಟ್ಯೂರಿಂಗ್ ತೋರಿಸಿದ್ದು ಇಷ್ಟೇ. ಕೈಲಿರುವ ಒಂದು ನಿರ್ದಿಷ್ಟ ಪ್ರೋಗ್ರಾಮಿನ ಬಗ್ಗೆ ಏನನ್ನೂ ಸಾಧಿಸಲಾಗದು ಎಂದು ಅವರು ಹೇಳಲಿಲ್ಲ.

ಟ್ರಾಫಿಕ್ ಸಿಗ್ನಲ್ ನಡೆಸುವ ಪ್ರೋಗ್ರಾಮ್ ನೋಡಿ. ಅದು ನಿಂತರೇ ತೊಂದರೆ, ಅಲ್ವಾ? ಅಲ್ಲಿ ಕೇಳಬೇಕಾದ್ದು ಬೇರೆ. ಅಡ್ಡ ರಸ್ತೆಗಳಿಗೆ ಒಟ್ಟಿಗೆ ಹಸಿರು ಎಂದೂ ಬೀಳುವುದಿಲ್ಲ ತಾನೇ? ಕಾಯುವ ಪ್ರತಿ ರಸ್ತೆಗೂ ಯಾವಾಗಲಾದರೂ ಹಸಿರು ಬಂದೇ ಬರುತ್ತದಾ? ಇಂಥ ಪ್ರಶ್ನೆಗಳನ್ನು ಕರಾರುವಾಕ್ಕಾಗಿ ಬರೆಯಲು ಕಂಪ್ಯೂಟರ್ ವಿಜ್ಞಾನಿ ಅಮೀರ್ ಪ್ನುಯೇಲಿ 1977ರಲ್ಲಿ ಟೆಂಪೊರಲ್ ಲಾಜಿಕ್ ಅನ್ನು, ಅಂದರೆ ‘ಎಂದೂ’, ‘ಯಾವಾಗಲಾದರೂ’ ಎಂಬಂಥ ಕಾಲದ ಮಾತುಗಳ ತರ್ಕವನ್ನು, ಪ್ರೋಗ್ರಾಮ್‌ಗಳಿಗೆ ತಂದರು. ಓಟಕ್ಕೆ ಕೊನೆ ಇಲ್ಲ, ನಿಜ. ಆದರೆ ಸಿಗ್ನಲ್ ಇರಬಹುದಾದ ಸ್ಥಿತಿಗಳು ಎಣಿಕೆಗೆ ಸಿಗುವಷ್ಟೇ. ಒಂದು ರಸ್ತೆ ಶಾಶ್ವತವಾಗಿ ಕಾಯುವ ಸಾಧ್ಯತೆ ಇದ್ದರೆ, ಅದಕ್ಕೆ ಹಸಿರೇ ಸಿಗದ ಒಂದು ಸುತ್ತು ಆ ಸ್ಥಿತಿಗಳ ನಡುವೆ ಇರಲೇಬೇಕು. ಪ್ರೋಗ್ರಾಮಿನ ಗಣಿತ ರೂಪವನ್ನು (ಮಾಡೆಲ್) ತಾನೇ ಪರೀಕ್ಷಿಸುವ ಸಾಧನವಾದ ಮಾಡೆಲ್ ಚೆಕರ್ ಹುಡುಕುವುದು ಆ ಸುತ್ತನ್ನೇ. ಸುಮ್ನೆ ಟೆಸ್ಟ್ ಓಡಿಸಿದರೆ ಅದು ಸಿಗುತ್ತದೆಂಬ ಖಾತ್ರಿ ಇಲ್ಲ. ಈ ವಿಧಾನಕ್ಕಾಗಿ ಕ್ಲಾರ್ಕ್, ಎಮರ್ಸನ್, ಸಿಫಾಕಿಸ್ ಅವರಿಗೆ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2007ರ ಸಾಲಿಗೆ ಬಂತು.

ತೊಡಕು ಇಲ್ಲವೆಂದಲ್ಲ. ಸ್ಥಿತಿಗಳ ಸಂಖ್ಯೆ ವಿಪರೀತ ಬೆಳೆದರೆ ಯಂತ್ರ ಸೋಲಬಹುದು. ಸ್ಥಿತಿಗಳಿಗೆ ಮಿತಿಯೇ ಇಲ್ಲದಿದ್ದರೆ ಸಾಧಿಸುವ ದಾರಿಯನ್ನು ಹಲವು ಬಾರಿ ಮನುಷ್ಯರೇ ತೋರಿಸಬೇಕು. ಸಾಧಿಸಿದ್ದು ಮಾಡೆಲ್‌ಗೆ ಮಾತ್ರ ಅನ್ವಯ. ಸುಟ್ಟುಹೋದ ಬಲ್ಬಿಗೆ ಅಲ್ಲ.