ಪಹಣಿಯ ಚುಕ್ಕಿಗೆ ಛೇದ 40

ದಶಮಾಂಶವನ್ನು ಭಿನ್ನರಾಶಿ ಮಾಡುವ ಬಗ್ಗೆ ನೀವು ಬರೆದದ್ದರಲ್ಲಿ ‘ಚುಕ್ಕಿ ತೆಗೆದು ಕೆಳಗೆ 10, 100, 1000 ಹಾಕಿ ಸಂಕ್ಷೇಪಿಸಿ, ಯಾವ ದಶಮಾಂಶಕ್ಕೂ ಇಷ್ಟೇ’ ಎಂದಿದ್ದೀರಿ. 0.375ಕ್ಕೆ ಸರಿ: 375/1000, ಮೇಲೆ ಕೆಳಗೆ 125ರಿಂದ ಹೊಡೆದರೆ 3/8. ಆದರೆ 3, 7, 11 ಅಂತೆಲ್ಲ ಭಾಗಿಸಿ ನೋಡಿದ್ದು ಯಾಕೋ! ಛೇದದಲ್ಲಿರುವುದೇ 2 ಮತ್ತು 5, ಬೇರೆ ಯಾವುದೂ ಹೋಗುವುದಿಲ್ಲ.

ಅಂಕಿ ಮುಗಿಯದೆ ಮರುಕಳಿಸುವ ಆವರ್ತ ದಶಮಾಂಶಕ್ಕೆ ಈ ದಾರಿ ನಡೆಯದು. ಆರರಲ್ಲಿ ಒಂದು ಪಾಲನ್ನು ಕ್ಯಾಲ್ಕುಲೇಟರ್ 0.1666667 ಎಂದು ತೋರಿಸುತ್ತದೆ. ಅದಕ್ಕೆ ಕೋಟಿ ಛೇದ ಹಾಕಿದರೆ ಮುಂದೆ ಸಂಕ್ಷೇಪವೇ ಆಗದು. ಬದಲಿಗೆ ಹೀಗೆ ಮಾಡಿ: 0.1666…ರ ನೂರು ಪಟ್ಟು 16.666…, ಹತ್ತು ಪಟ್ಟು 1.666…. ಕಳೆದರೆ ತೊಂಬತ್ತು ಪಟ್ಟು 15. ಅಲ್ಲಿಗೆ 15/90, ಅಂದರೆ 1/6.

ದೊಡ್ಡ ಎಡವಟ್ಟು ತೀರ್ಥಹಳ್ಳಿ ತೋಟದ ಉದಾಹರಣೆಯಲ್ಲಿದೆ. ಪಹಣಿಯ 2.15 ಅನ್ನು ನೀವು 43/20 ಎಕರೆ ಮಾಡಿದ್ದೀರಿ. ಅದು 2 ಎಕರೆ 15 ಗುಂಟೆ ಮಾರಾಯ್ರೆ! ಎಕರೆಗೆ 40 ಗುಂಟೆ, ಹಾಗಾಗಿ 95/40 = 19/8. ನಿಮ್ಮ ಲೆಕ್ಕದಲ್ಲಿ 86 ಗುಂಟೆಯಷ್ಟೇ ಬರುತ್ತದೆ, 9 ಗುಂಟೆ ಖೋತಾ. 9 ಅಡಿ ಅಂತರದ ಅಡಿಕೆಯಾದರೆ 121 ಮರ. ಚುಕ್ಕಿಯ ಬಲಕ್ಕೆ 40 ಅಥವಾ ಹೆಚ್ಚಿದ್ದರೆ ಅದು ಗುಂಟೆಯಲ್ಲ, ದಶಮಾಂಶವೇ. 39ರ ಒಳಗಿದ್ದರೆ ಪಹಣಿ ನೋಡಿಯೇ ಛೇದ ಹಾಕಿ.